ಯಜಮಾನರಿಗೊಂದು ಬಿಲ್ಲು

ಗಂಡ ನಿವೃತ್ತನಾದ ದಿನ ಹೆಂಡತಿಗೂ ಒಂದು ಬೀಳ್ಕೊಡುಗೆ ಸಮಾರಂಭ ಮಾಡಬೇಕು ಎನ್ನುವುದು ನನ್ನ ಬಹುದಿನದ ವಾದ. ಯಾಕೆಂದರೆ ಅಂದು ನಿಜವಾಗಿ ಅಧಿಕಾರ ಕಳೆದುಕೊಳ್ಳುವವಳು ಅವಳು. ನಮ್ಮ ಯಜಮಾನರಿಗೆ ಹೂಗುಚ್ಛ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು, "ಇನ್ಮೇಲೆ ಆರಾಮಾಗಿರಿ ಸಾರ್" ಎಂದು ಕಾರಿನಲ್ಲಿ ಕೂರಿಸಿ ಕಳಿಸಿದರು. ಎಲ್ಲಿಗೆ ಕಳಿಸಿದರು? ನೆಟ್ಟಗೆ ನನ್ನ ಅಡುಗೆಮನೆಗೆ.

ಇವರು ಬಿಸ್ಕತ್ತು ಕಾರ್ಖಾನೆಯಲ್ಲಿ ಗುಣಮಟ್ಟದ ಇನ್ಸ್‌ಪೆಕ್ಟರಾಗಿದ್ದವರು. ಬೆಲ್ಟಿನ ಮೇಲೆ ಸಾಲುಗಟ್ಟಿ ಬರುವ ಬಿಸ್ಕತ್ತುಗಳಲ್ಲಿ ಅಂಚು ಮುರಿದದ್ದು, ನಡು ಉಬ್ಬಿದ್ದು, ಒಂದು ಮಗ್ಗುಲು ಸೀದದ್ದು ಇವನ್ನೆಲ್ಲ ಹೆಕ್ಕಿ ಬುಟ್ಟಿಗೆ ಎಸೆಯುವುದೇ ಅವರ ಜೀವಮಾನದ ಸಾಧನೆ. ಎಸೆದೂ ಎಸೆದೂ ಲೋಕದಲ್ಲಿ ಅವರಿಗೆ ಎರಡೇ ಬಗೆಯ ವಸ್ತುಗಳು ಕಾಣತೊಡಗಿವೆ: ಪಾಸು ಮತ್ತು ಫೇಲು. (ನಾನು ಯಾವ ಬಗೆ ಎಂದು ಮದುವೆಯಾದ ಹೊಸದರಲ್ಲಿ ಪ್ರೀತಿಯಿಂದ ಕೇಳಿದ್ದೆ. "ಇನ್ನೂ ಪರಿಶೀಲನೆಯಲ್ಲಿದೆ" ಎಂದಿದ್ದರು. ಇವತ್ತಿನವರೆಗೂ ವರದಿ ಬಂದಿಲ್ಲ.)

ಹಿಂದೆ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಇವರು ಓಡುತ್ತಿದ್ದರು. ಅಲ್ಲಿಂದ ಹತ್ತು ಗಂಟೆಗೆ ಮನೆಗೆಲಸ ಶುರುವಾಗುವವರೆಗೆ ಮನೆ ನನ್ನದು. ಕಿಟಕಿಯ ಪಕ್ಕ ಒಂದು ಬೆತ್ತದ ಕುರ್ಚಿ, ನನಗೆ ಬೇಕಾದಷ್ಟು ಕಡಕ್ಕಾದ ಚಹಾ, ಯಾರೂ ಮಡಿಕೆ ಬಿಚ್ಚದ ಪೇಪರು, ಸಣ್ಣಗೆ ಹಾಡುವ ರೇಡಿಯೋ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆ ಎರಡು ಗಂಟೆಯ ಸುಖಕ್ಕಾಗಿ ನಾನು ಉಳಿದ ಇಪ್ಪತ್ತೆರಡು ಗಂಟೆ ಸಂಸಾರ ಮಾಡುತ್ತಿದ್ದೆ ಎಂದರೂ ಸುಳ್ಳಲ್ಲ.

ನಿವೃತ್ತರಾದ ಮಾರನೆಯ ದಿನವೇ ಇವರು ಆ ಬೆತ್ತದ ಕುರ್ಚಿಯನ್ನು ದರದರನೆ ಎಳೆದುಕೊಂಡು ಬಂದು ಒಲೆಯ ಎದುರು ಹಾಕಿ ಪದಗ್ರಹಣ ಮಾಡಿದರು.

"ಇದೇನೇ, ಬೀನ್ಸು ಇಷ್ಟುದ್ದ?"

"ಬೀನ್ಸು ಉದ್ದಕ್ಕೇ ಬೆಳೆಯೋದು ರೀ."

"ಬೆಳೆದಿದ್ದಲ್ಲ, ನೀನು ಹೆಚ್ಚಿದ್ದು. ಒಂದು ಉದ್ದ, ಒಂದು ಗಿಡ್ಡ. ಎಲ್ಲ ಒಂದೇ ಸಮ ಬೇಯೋದು ಹೇಗೆ?"

"ಇಷ್ಟು ವರ್ಷ ಬೆಂದಿಲ್ವಾ?"

"ಬೆಂದಿರ್ಲಿಲ್ಲ. ನಾನು ಹೇಳಿರ್ಲಿಲ್ಲ ಅಷ್ಟೆ."

ಒಂದು ತಿಂಗಳಲ್ಲಿ ಇವರು ನನ್ನ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದರು, ಚಮಚಗಳನ್ನು ಸೈನಿಕರ ಹಾಗೆ ನಿಲ್ಲಿಸಿದರು, ಚಹಾಕ್ಕೆ ಸಕ್ಕರೆ ಹಾಕುವಾಗ ನನ್ನ ಮಣಿಕಟ್ಟು ಸ್ವಲ್ಪ ನಡುಗುತ್ತದೆ ಎಂದು ಕಂಡುಹಿಡಿದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನಿಜ, ಆದರೆ ಸುಟ್ಟುಬಿಡೋಣ ಎನ್ನಿಸುವ ಮಟ್ಟಕ್ಕೆ ಬಂದಿತ್ತು.

ಆಗ ಕಣ್ಣಿಗೆ ಬಿತ್ತು ಆ ಬೋರ್ಡು. ಲೈಬ್ರರಿ ರಸ್ತೆಯ ಕೊನೆಗೆ, ಹಳೇ ಈಜುಕೊಳದ ಹಿಂದಿನ ಮೈದಾನದ ಗೇಟಿಗೆ ಕಟ್ಟಿದ್ದರು: "ಬಿಲ್ಲುಗಾರಿಕೆ ಕಲಿಯಿರಿ. ಹಿರಿಯರಿಗೂ ಅವಕಾಶ. ಬೆಳಿಗ್ಗೆ ಎಂಟರಿಂದ ಹತ್ತು." ಎಂಟರಿಂದ ಹತ್ತು! ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬೇರೆ ಯಾವ ಹವ್ಯಾಸವಾದರೂ ಮನೆಯೊಳಕ್ಕೆ ನುಗ್ಗಿ ಬರುತ್ತದೆ. ತಬಲಾ ಆದರೆ ಹಾಲಿಗೆ ಬರುತ್ತದೆ, ಚಿತ್ರಕಲೆಯಾದರೆ ಊಟದ ಮೇಜಿಗೆ ಬರುತ್ತದೆ. ಬಿಲ್ಲುಬಾಣ ಹಿಡಿದು ಯಾರೂ ಅಡುಗೆಮನೆಯಲ್ಲಿ ನಿಲ್ಲಲಾರರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕೋಲು ನನಗೆ ಸಿಗುವಂತಿರಲಿಲ್ಲ.

ಇವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಅಲ್ಲೊಂದು ಕ್ಲಬ್ಬು ಇದೆಯಂತೆ ರೀ. ಆದ್ರೆ ಅದಕ್ಕೆ ಕಣ್ಣು ತುಂಬ ಚುರುಕಾಗಿರ್ಬೇಕಂತೆ. ನಮ್ಮಂಥ ವಯಸ್ಸಾದೋರಿಗೆ ಅಲ್ಲ ಬಿಡಿ" ಎಂದೆ. ಮರುದಿನ ಏಳೂವರೆಗೇ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ದಾರಿ ತೋರಿಸುವ ನೆಪದಲ್ಲಿ ನಾನೂ ಹೊರಟೆ.

ಕ್ಲಬ್ಬಿನ ತರಬೇತುದಾರಳನ್ನು ಎಲ್ಲರೂ ವಿಸಿಲ್ ಮೇಡಂ ಎನ್ನುತ್ತಾರೆ. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ, ಸೀಟಿಗಿಂತ ಜೋರಾದ ಗಂಟಲು. ಆಕೆ ಇವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಜೋಡಿ ಎಲ್ಲಿ?" ಎಂದರು.

"ಯಾವ ಜೋಡಿ?"

"ಇಲ್ಲಿ ಹೊಸಬರನ್ನ ಒಂಟಿಯಾಗಿ ಸೇರಿಸ್ಕೊಳ್ಳಲ್ಲ. ಬಿಲ್ಲು ಎಳೆದೋರಿಗೆ ಅವರ ಮೊಣಕೈ ಅವರಿಗೆ ಕಾಣಲ್ಲ. ಹಿಂದೆ ಒಬ್ಬರು ನಿಂತು ನೋಡ್ಬೇಕು. ಒಬ್ಬರು ಹೊಡೀಬೇಕು, ಇನ್ನೊಬ್ಬರು ತಪ್ಪು ಹೇಳ್ಬೇಕು. ಆಮೇಲೆ ಅದಲು ಬದಲು."

ಇವರ ಮುಖ ಬೆಳಗಿತು. "ತಪ್ಪು ಹೇಳೋದೂ ಪಾಠದಲ್ಲೇ ಸೇರಿದೆಯಾ?" ಎಂದು ಕೇಳಿದರು.

ನಾನು ಅಪಾಯವನ್ನು ಆಗಲೇ ಗ್ರಹಿಸಬೇಕಿತ್ತು. ಆದರೆ ಆಸೆ ಕಣ್ಣಿಗೆ ಪೊರೆ ಕಟ್ಟಿತ್ತು. ಸದ್ಯಕ್ಕೆ ಜೋಡಿಯಾಗಿ ಹೆಸರು ಕೊಟ್ಟುಬಿಡೋಣ, ಯಾರಾದರೂ ಒಂಟಿ ಗಂಡಸು ಸಿಕ್ಕ ಕೂಡಲೇ ಇವರನ್ನು ಅವನಿಗೆ ಅಂಟಿಸಿ ಜಾರಿಕೊಳ್ಳೋಣ ಎಂದು ಲೆಕ್ಕ ಹಾಕಿ ಹೆಸರು ಕೊಟ್ಟೆ.

"ಮೊದಲ ಕೆಲವು ತಿಂಗಳು ಕ್ಲಬ್ಬಿನ ಬಿಲ್ಲು ಸಾಕು" ಎಂದರು ವಿಸಿಲ್ ಮೇಡಂ. ನಾನು ಒಪ್ಪಿದೆ. ನನಗೆ ಸಿಕ್ಕದ್ದು ಹಿಡಿಗೆ ಟೇಪು ಸುತ್ತಿದ, ಬಣ್ಣ ಹೋದ ಒಂದು ಮರದ ಬಿಲ್ಲು. ಇವರು ಮಾತ್ರ ಊರೆಲ್ಲ ಬೆವರಿದ ಕೈಯಿಂದ ಹಿಡಿದದ್ದನ್ನು ತಾವು ಮುಟ್ಟುವುದಿಲ್ಲವೆಂದು ಅಂಗಡಿಗೆ ಹೊರಟರು. ಜೊತೆಗೆ ನಾನು.

ಆಟದ ಸಾಮಾನಿನ ಅಂಗಡಿಯವನು ಕೊರಳಿಗೆ ಅಳತೆ ಟೇಪು ಹಾಕಿಕೊಂಡು, ರೋಗಿಯನ್ನು ನೋಡುವ ಡಾಕ್ಟರರ ಗತ್ತಿನಲ್ಲಿ ಬಂದ. "ತೋಳು ಚಾಚಿ ಸಾರ್" ಎಂದ. ತೋಳಿನ ಅಳತೆ ಸಿಕ್ಕರೆ ಬಾಣ ಎಷ್ಟುದ್ದ ಬೇಕೆಂದು ಗೊತ್ತಾಗುತ್ತದಂತೆ. ಇವರು ವೀರಾವೇಶದಿಂದ ಚಾಚಿದ ರಭಸಕ್ಕೆ ಹಿಂದಿದ್ದ ಶಟಲ್ ಕಾಕಿನ ಡಬ್ಬಗಳೆಲ್ಲ ಉರುಳಿದವು. ಆಮೇಲೆ ಕಣ್ಣಿನ ಪರೀಕ್ಷೆ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಗೋಡೆಯ ಗಡಿಯಾರ ನೋಡಬೇಕು. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಯಜಮಾನ ಕಣ್ಣು. ಬಿಲ್ಲು ಬಲಗೈಯವರದೋ ಎಡಗೈಯವರದೋ ಎಂದು ತೀರ್ಮಾನಿಸುವುದು ಆ ಕಣ್ಣು.

"ನನ್ನ ಎರಡೂ ಕಣ್ಣೂ ಯಜಮಾನ ಕಣ್ಣೇ" ಎಂದರು ಇವರು.

"ಹಾಗಾಗಲ್ಲ ಸಾರ್. ಎಲ್ಲರಿಗೂ ಒಂದು ಕಣ್ಣೇ ಯಜಮಾನ. ಇನ್ನೊಂದು ಸುಮ್ನೆ ಹೊಂದ್ಕೊಂಡು ಹೋಗುತ್ತೆ."

"ಪಾಪ" ಎಂದೆ ನಾನು, ಆ ಇನ್ನೊಂದು ಕಣ್ಣಿನ ಬಗ್ಗೆ.

ಬಲಗಣ್ಣೇ ಯಜಮಾನ ಎಂದು ತೀರ್ಮಾನವಾಯಿತು. ಇನ್ನು ಬಿಲ್ಲಿನ ಬಿಗಿ. ಹೆದೆಯನ್ನು ಗದ್ದದವರೆಗೆ ಎಳೆಯಲು ಎಷ್ಟು ಬಲ ಬೇಕು ಎನ್ನುವುದನ್ನು ಪೌಂಡಿನಲ್ಲಿ ಹೇಳುತ್ತಾರೆ. "ಶುರು ಮಾಡೋರಿಗೆ ಹದಿನೆಂಟು ಪೌಂಡು, ಹೆಚ್ಚಂದ್ರೆ ಇಪ್ಪತ್ತು" ಎಂದ ಅಂಗಡಿಯವನು. "ಈ ಹಿಡಿಗೆ ಮೇಲೊಂದು ಕೆಳಗೊಂದು ಬಾಗೋ ಪಟ್ಟಿ, ಅಂದ್ರೆ ಬಿಲ್ಲಿನ ತೋಳು, ತಿರುಪಿ ಕೂರಿಸೋದು. ಶಕ್ತಿ ಬಂದ ಮೇಲೆ ತೋಳು ಮಾತ್ರ ಬದಲಾಯಿಸಿದ್ರಾಯ್ತು, ಹಿಡಿ ಅದೇ ಇರುತ್ತೆ."

"ಶಕ್ತಿ ಬಂದ ಮೇಲೆ ಅಂದ್ರೆ? ಈಗ ಇಲ್ವಾ?" ಇವರ ಮೀಸೆ ಅದುರಿತು. "ಆ ಮೂಲೇಲಿರೋ ಕಪ್ಪು ತೋಳು ಎಷ್ಟು?"

"ಅದು ನಲವತ್ತು ಸಾರ್. ವರ್ಷಗಟ್ಟಲೆ ಹೊಡೆದಿರೋರಿಗೆ."

"ಅದನ್ನೇ ಹಾಕು."

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ರೀ" ಎಂದೆ.

"ನಾನು ಹಾಸಿಗೆ ತಗೊಳೋಕೆ ಬಂದಿಲ್ಲ. ಸುಮ್ನಿರು."

ಎಳೆದರು. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು, ಕತ್ತಿನ ನರಗಳು ಒಂದೊಂದಾಗಿ ಎದ್ದು ನಿಂತವು, ಹೆದೆ ಹೇಗೋ ಗದ್ದದ ಹತ್ತಿರ ಬಂತು. ಇನ್ನೇನು ಬಿಡಬೇಕು, ಅಂಗಡಿಯವನು ಹಾರಿ ಬಂದು ಕೈ ಹಿಡಿದುಕೊಂಡ. "ಬಾಣ ಇಲ್ದೆ ಬರೀ ಹೆದೆ ಬಿಡಬಾರದು ಸಾರ್! ಬಿಲ್ಲೇ ಸಿಡಿದುಹೋಗುತ್ತೆ!" ಇಬ್ಬರೂ ಸೇರಿ ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟರು. "ಸಲೀಸು" ಎಂದರು ಇವರು, ಏದುಸಿರಿನ ನಡುವೆ.

"ಒಂದ್ಸಲ ಎಳೆಯೋದು ಬೇರೆ, ದಿನಾ ಬೆಳಗ್ಗೆ ಎಳೆಯೋದು ಬೇರೆ. ಮೇಡಂ, ನೀವಾದ್ರೂ ಹೇಳಿ" ಎಂದು ಅವನು ನನ್ನ ಕಡೆ ನೋಡಿದ.

ನಾನು ಹೇಳಬಹುದಿತ್ತು. ಹಟ ಹಿಡಿದಿದ್ದರೆ ಇವರು ಗೊಣಗಿಕೊಂಡಾದರೂ ಇಳಿಯುತ್ತಿದ್ದರು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದ ಲೆಕ್ಕವೇ ಬೇರೆ. ಹಗುರದ ಬಿಲ್ಲಾದರೆ ಇವರು ಹುರುಪಿನಿಂದ ಮನೆಗೆ ಬಂದು ಮತ್ತೆ ಬೀನ್ಸಿನ ಉದ್ದ ಅಳೆಯುತ್ತಾರೆ. ನಲವತ್ತು ಪೌಂಡು ಎಳೆದು ಬಂದವರು ಮಧ್ಯಾಹ್ನದವರೆಗೆ ಮಲಗುತ್ತಾರೆ. ಹಾಗಾಗಿ, "ಅವರ ಇಷ್ಟಾನೇ ನನ್ನಿಷ್ಟ" ಎಂದು ಪತಿವ್ರತೆಯ ಧ್ವನಿಯಲ್ಲಿ ಹೇಳಿದೆ. ಅಂಗಡಿಯವನು ನಿಟ್ಟುಸಿರು ಬಿಟ್ಟು ಬಿಲ್ಲು ಕಟ್ಟಿಕೊಟ್ಟ.

ಮೈದಾನದ ಶಾಸ್ತ್ರವೆಲ್ಲ ಸೀಟಿಯಲ್ಲಿ ನಡೆಯುತ್ತದೆ. ಎರಡು ಸೀಟಿಗೆ ಗೆರೆಯ ಹತ್ತಿರ ಬರಬೇಕು, ಒಂದಕ್ಕೆ ಬಾಣ ಬಿಡಬೇಕು, ಮೂರಕ್ಕೆ ಹೋಗಿ ಹೆಕ್ಕಿಕೊಂಡು ಬರಬೇಕು. ಶುರುವಿನಲ್ಲಿ ಬಣ್ಣದ ವೃತ್ತಗಳ ಗುರಿಹಲಗೆಯನ್ನೂ ಕೊಡುವುದಿಲ್ಲ. ಒತ್ತಿ ಕಟ್ಟಿದ ಹುಲ್ಲಿನ ದಿಂಡಿನ ಮುಂದೆ, ಕೂಗಳತೆಯೂ ಬೇಡ, ಪಿಸುಮಾತಿನ ಅಳತೆಯಲ್ಲಿ ನಿಂತು ಸುಮ್ಮನೆ ಅದಕ್ಕೆ ಬಾಣ ಬಿಡುತ್ತಾ ಇರುವುದು.

"ಗುರಿ ಇಲ್ದೆ ಹೊಡೆಯೋದಾ?" ಎಂದು ಇವರು ಕೆರಳಿದರು.

"ಮೊದಲು ನಿಲ್ಲೋದು ಕಲೀರಿ. ಗುರಿ ಎಲ್ಲೂ ಓಡಿ ಹೋಗಲ್ಲ" ಎಂದರು ವಿಸಿಲ್ ಮೇಡಂ. ಮುಂಗೈಗೆ ಕಟ್ಟುವ ಚರ್ಮದ ಪಟ್ಟಿಯನ್ನು ಇವರು ಮಕ್ಕಳಿಗೆ ಕೊಡಿ ಎಂದು ವಾಪಸು ಮಾಡಿದರು. ಮೊದಲ ಬಾಣಕ್ಕೇ ಹೆದೆ ಚಟಾರನೆ ಮುಂಗೈಗೆ ಬಡಿಯಿತು. ಎರಡನೆಯದು ಅದೇ ಜಾಗಕ್ಕೆ. (ಗುರಿ ತಪ್ಪದೆ ಬಿದ್ದ ಏಟು ಎಂದರೆ ಅದೊಂದೇ.) ಬಾಣ ಮಾತ್ರ ದಿಂಡಿನ ತನಕ ಹೋಗುವ ಮನಸ್ಸಿಲ್ಲದೆ ನಡುದಾರಿಯಲ್ಲೇ ಹುಲ್ಲಿನ ಮೇಲೆ ಮಲಗಿತು. ಅರ್ಧಕ್ಕಿಂತ ಹೆಚ್ಚು ಎಳೆಯಲು ಆಗದಿದ್ದರೆ ಇನ್ನೇನಾಗುತ್ತದೆ?

"ಬಿಲ್ಲು ಡೊಂಕಿದೆ" ಎಂದು ಇವರು ತೀರ್ಪು ಕೊಟ್ಟರು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಕೇಳಿದ್ದೆ, ಗಂಡಸರಿಗೂ ಅದು ಅನ್ವಯಿಸುತ್ತದೆ ಎಂದು ಅವತ್ತು ಕಣ್ಣಾರೆ ಕಂಡೆ.

"ಡೊಂಕಿಲ್ದಿದ್ರೆ ಅದನ್ನ ದೊಣ್ಣೆ ಅಂತಾರೆ ಸಾರ್" ಎಂದರು ವಿಸಿಲ್ ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಹಿಂದೆ ನಿಂತು ತಪ್ಪು ಹೇಳಿ" ಎಂದರು.

ನನಗೆ ಮೊದಲು ಸಂಕೋಚವಾಯಿತು. "ಮೊಣಕೈ ಸ್ವಲ್ಪ ಮೇಲೆ ರೀ" ಎಂದೆ. ಇವರು ಎತ್ತಿದರು. ಎತ್ತಿಬಿಟ್ಟರು! ಮದುವೆಯಾದಾಗಿನಿಂದ ನಾನು ಹೇಳಿದ ಕೂಡಲೇ ಇವರು ಏನನ್ನಾದರೂ ಎತ್ತಿದ್ದು ಅದೇ ಮೊದಲು. "ಭುಜ ಕೆಳಗೆ. ಹೊಟ್ಟೆ ಒಳಗೆ. ಉಸಿರು ಬಿಗಿ ಹಿಡೀಬೇಡಿ. ಅದ್ಯಾಕೆ ಹಾಗೆ ನೋಡ್ತೀರಾ, ಮುಂದೆ ನೋಡಿ" ಎಂದು ನಾನು ಏರುದನಿಯಲ್ಲಿ ಶುರು ಹಚ್ಚಿಕೊಂಡೆ. ಸರ್ಕಾರಿ ಪರವಾನಗಿಯೊಂದಿಗೆ ಗಂಡನ ತಪ್ಪು ಎಣಿಸುವ ರುಚಿ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಆ ಕ್ಷಣ ನನಗೆ ಬೆತ್ತದ ಕುರ್ಚಿಯೂ ಮರೆತುಹೋಗಿತ್ತು.

ಅದಲು ಬದಲಾಯಿತು. ಈಗ ಬಿಲ್ಲು ನನ್ನ ಕೈಗೆ, ಇವರು ನನ್ನ ಬೆನ್ನಿಗೆ.

"ಕಾಲು ಪಾಸು. ಸೊಂಟ ಫೇಲು. ಕುತ್ತಿಗೆ ಯಾಕೆ ಕೋಳಿ ಥರ ಮುಂದಕ್ಕೆ ಬಂತು? ಬೆರಳು ನಡುಗ್ತಿದೆ. ನಾನು ಅವತ್ತೇ ಹೇಳಿದ್ದೆ, ಸಕ್ಕರೆ ಹಾಕೋವಾಗ್ಲೂ ಹೀಗೇ."

ಆದರೆ ನನ್ನದು ಹಗುರದ ಬಿಲ್ಲು. ಹೆದೆ ಗದ್ದಕ್ಕೆ ಬಂದು ತಣ್ಣಗೆ ನಿಂತಿತು. ಬಿಟ್ಟೆ. ಬಾಣಗಳೆಲ್ಲ ದಿಂಡಿನಲ್ಲಿ ಒಂದರ ಪಕ್ಕ ಒಂದು ಹೋಗಿ ಕೂತವು. "ನೋಡಿ ಎಲ್ಲಾರೂ! ಇದು ನಿಲ್ಲೋ ರೀತಿ!" ಎಂದು ವಿಸಿಲ್ ಮೇಡಂ ಇಡೀ ಮೈದಾನಕ್ಕೆ ಕೇಳುವಂತೆ ಕಿರುಚಿದರು. ಇವರು ದಿಂಡಿನ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿ ಬಂದು, "ಗುಂಪು ಗುಂಡಗಿಲ್ಲ" ಎಂದರು.

ಇದು ಎರಡು ವಾರ ನಡೆಯಿತು. ಮನೆಯಲ್ಲಿ ಕಾಡುತ್ತಿದ್ದವರು ಈಗ ಮೈದಾನದಲ್ಲೂ ಕಾಡುತ್ತಿದ್ದರು. ಒಂಟಿ ಗಂಡಸು ಒಬ್ಬನೂ ಸಿಗಲಿಲ್ಲ, ಎಲ್ಲರೂ ನನಗಿಂತ ಮೊದಲೇ ಜೋಡಿ ಮಾಡಿಕೊಂಡಿದ್ದರು. ಆಮೇಲೊಂದು ಬೆಳಿಗ್ಗೆ, ಇವರು ಹಲ್ಲು ಕಚ್ಚಿ ಆ ನಲವತ್ತು ಪೌಂಡನ್ನು ಪೂರ್ತಿ ಎಳೆದೇ ತೀರುತ್ತೇನೆ ಎಂದು ಹೊರಟಾಗ, ಬಲಭುಜದಿಂದ ಟಕ್ಕೆಂದು ಸದ್ದಾಯಿತು. ಬಾಣ ಕೆಳಗೆ ಬಿತ್ತು. ಅದರ ಹಿಂದೆಯೇ ಇವರೂ ಕೂತರು.

ಮೂಳೆ ಡಾಕ್ಟರು ಬೈದು, ಬಲಗೈಯನ್ನು ಮಡಿಸಿ ಕುತ್ತಿಗೆಗೆ ಜೋಳಿಗೆಯ ಹಾಗೆ ಪಟ್ಟಿ ಕಟ್ಟಿ ಕಳಿಸಿದರು. ಒಳಗೊಳಗೇ ನನಗೆ ಕಸಿವಿಸಿಯಾಯಿತು. ಅಂಗಡಿಯಲ್ಲಿ ಬಾಯಿ ಬಿಟ್ಟಿದ್ದರೆ ಇದಾಗುತ್ತಿರಲಿಲ್ಲ. "ನಾನೂ ಬಿಟ್ಟುಬಿಡ್ತೀನಿ ರೀ. ನಿಮ್ಮನ್ನ ಒಬ್ರನ್ನೇ ಬಿಟ್ಟು ಹೇಗೆ ಹೋಗ್ಲಿ?" ಎಂದೆ.

"ಬೇಡ ಕಣೇ" ಎಂದರು ಇವರು, ಮೃದುವಾಗಿ. "ನಿನ್ನ ಕೈಯಲ್ಲಿ ಕಲೆ ಇದೆ. ನನ್ನ ಬಿಲ್ಲಿಗೇ ಹಗೂರದ ತೋಳು ಹಾಕಿಸ್ಕೋ. ನನ್ನ ಸಲುವಾಗಿ ನೀನು ನಿಲ್ಲಿಸ್ಬಾರ್ದು. ಹೋಗು."

ನನ್ನ ಕಣ್ಣು ತುಂಬಿ ಬಂತು. (ತುಂಬಬಾರದಿತ್ತು. ಇವರು ನನ್ನನ್ನು ಹೊಗಳಿದಾಗೆಲ್ಲ ಬೀರುವಿನ ಬೀಗ ನೋಡಿಕೊಳ್ಳಬೇಕು ಎಂದು ನಮ್ಮಮ್ಮ ಹೇಳಿದ್ದರು.)

ವಿಸಿಲ್ ಮೇಡಂ ನನಗೆ ಹಂಗಾಮಿ ಜೋಡಿಯಾಗಿ ಹಲ್ಲಿನ ಡಾಕ್ಟರಮ್ಮನನ್ನು ಕೊಟ್ಟರು. ಒಳ್ಳೆಯ ಹೆಂಗಸು, ಆದರೆ ಹಿಂದೆ ನಿಂತು ಮೊಣಕೈ ನೋಡುವ ಬದಲು ಪಕ್ಕಕ್ಕೆ ಬಂದು ಬಾಯಿ ನೋಡುತ್ತಾರೆ. "ದವಡೆ ಕಚ್ಬೇಡಿ. ಹಿಂದಿನ ಹಲ್ಲು ಸವೆದಿದೆ, ಬಂದು ತೋರಿಸಿ" ಎನ್ನುತ್ತಾರೆ. ಬಿಸಿಲಿಗೆ ನನ್ನ ಮೂಗಿನ ಸಿಪ್ಪೆ ಎದ್ದಿತು, ಕಾಲು ಮರಗಟ್ಟಿತು, ಸೀಟಿ ಕಿವಿಯೊಳಗೆ ಮನೆ ಮಾಡಿತು. ಯಾರಿಗೋಸ್ಕರ ಹೂಡಿದ ಆಟ ಇದು? ಅವರು ಮನೆಯಲ್ಲಿ, ನಾನು ಬಯಲಲ್ಲಿ! ಅಂತೂ ಗಂಡನಿಲ್ಲದ ಎರಡು ಗಂಟೆ ಸಿಕ್ಕಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿಕ್ಕಿತ್ತು, ಆದರೆ ಕುರ್ಚಿಯಿಲ್ಲ, ಚಹಾ ಇಲ್ಲ.

"ಯಜಮಾನರ ಭುಜ ವಾಸಿಯಾದ ದಿನಾನೇ ನಿಮ್ಮ ಹಳೇ ಜೋಡಿ" ಎಂದು ವಿಸಿಲ್ ಮೇಡಂ ದಿನಾ ಹೇಳುತ್ತಿದ್ದರು. "ನಮ್ಮ ಕ್ಲಬ್ಬಲ್ಲಿ ಗಂಡ ಹೆಂಡ್ತಿ ಜೋಡಿ ಅಂದ್ರೆ ನೀವೊಂದೇ. ಫೋಟೋ ತೆಗೆಸಿ ಗೇಟಿಗೆ ಹಾಕ್ತೀನಿ."

ಮೊನ್ನೆ ಗಾಳಿ ಜೋರಾಗಿ ಬೀಸಿ ಬಾಣಗಳೆಲ್ಲ ಈಜುಕೊಳದ ಕಡೆ ಹೋಗಲಾರಂಭಿಸಿದಾಗ ತರಗತಿಯನ್ನು ಅರ್ಧಕ್ಕೇ ಮುಗಿಸಿದರು. ದಾರಿಯುದ್ದಕ್ಕೂ ಯೋಚಿಸಿದೆ. ಸಾಕು, ಇವತ್ತೇ ಬಿಟ್ಟುಬಿಡುತ್ತೇನೆ. ಇವರು ಅಡುಗೆಮನೆಯಲ್ಲೇ ಕೂತಿರಲಿ, ನಾನು ನನ್ನ ಕಿಟಕಿಯ ಪಕ್ಕ ಕೂತು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ಹೀಗೆಂದುಕೊಂಡು ಗೇಟಿನ ಹತ್ತಿರ ಬಂದಾಗ ಕಿಟಕಿಯಿಂದ ಸಣ್ಣಗೆ ರೇಡಿಯೋ ಕೇಳಿಸಿತು. ಇಣುಕಿದೆ.

ಬೆತ್ತದ ಕುರ್ಚಿ ಕಿಟಕಿಯ ಪಕ್ಕಕ್ಕೆ ವಾಪಸು ಬಂದಿತ್ತು. ಅದರ ಮೇಲೆ ಬಿಚ್ಚಿದ ಪೇಪರು, ಪಕ್ಕದಲ್ಲಿ ಹಬೆಯಾಡುವ ಚಹಾ. ಡಾಕ್ಟರು ಕಟ್ಟಿದ್ದ ಕೈಪಟ್ಟಿ ಬಾಗಿಲ ಹಿಂದಿನ ಮೊಳೆಯಲ್ಲಿ ಜೋತಾಡುತ್ತಿತ್ತು. ಇವರು ತುದಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ಅಟ್ಟದ ಮೇಲಿಂದ ಬಿಸ್ಕತ್ತಿನ ದೊಡ್ಡ ಡಬ್ಬ ಇಳಿಸುತ್ತಿದ್ದರು. ಭುಜದಿಂದ ಟಕ್ಕೆಂಬ ಸದ್ದಿರಲಿ, ಚಿಟಿಕೆಯ ಸದ್ದೂ ಬರಲಿಲ್ಲ. ಮೇಜಿನ ಮೇಲಿದ್ದ ಮೊಬೈಲಿನಿಂದ ಕಾರ್ಖಾನೆಯ ಹಳೇ ಸ್ನೇಹಿತರೊಬ್ಬರ ದನಿ ಬರುತ್ತಿತ್ತು. ಅವರೂ ಹೊಸದಾಗಿ ನಿವೃತ್ತರು.

"ನನ್ನವಳು ಬೆಳಗಿನಿಂದ ರಾತ್ರೀವರೆಗೂ ಎದುರಿಗೇ ಇರ್ತಾಳೆ ಮಾರಾಯ. ಕೂತ್ರೂ ತಪ್ಪು, ನಿಂತ್ರೂ ತಪ್ಪು. ನೀನು ಹೇಗೆ ಸಂಭಾಳಿಸ್ತೀಯ?"

"ನಮ್ಮನೇಲಿ ಈ ಹೊತ್ತಲ್ಲಿ ನೊಣ ಹಾರಿದ್ರೂ ಕೇಳ್ಸುತ್ತೆ ಕಣೋ" ಎಂದರು ಇವರು, ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ. "ನೀನೂ ನಿನ್ನ ಹೆಂಡ್ತಿಗೊಂದು ಬಿಲ್ಲು ಕೊಡ್ಸು. ಆದ್ರೆ ಹಗೂರದ್ದೇ ತಗೋ, ಹದಿನೆಂಟು ಪೌಂಡು. ಭಾರದ್ದು ಕೊಡ್ಸಿದ್ಯೋ, ಭುಜ ಹಿಡ್ಕೊಂಡು ವಾಪಸ್ ಮನೆಗೇ ಬರ್ತಾಳೆ."

ನನ್ನ ಮೈಯೆಲ್ಲ ಉರಿದುಹೋಯಿತು. ಗೇಟನ್ನು ಧಡಾರನೆ ತಳ್ಳಿದೆ. ಒಳಗೆ ದಡಬಡ ಸದ್ದಾಯಿತು. ನಾನು ಬಾಗಿಲು ತೆರೆದಾಗ ಮೊಬೈಲು ಮೌನವಾಗಿತ್ತು, ಇವರು ಕುರ್ಚಿಯಲ್ಲಿ ಒರಗಿ ನರಳುತ್ತಿದ್ದರು. ಕೈಪಟ್ಟಿ ಕುತ್ತಿಗೆಯಲ್ಲಿತ್ತು. ಎಡಗೈಗೆ.

"ಬೇಗ ಬಂದ್ಬಿಟ್ಯಲ್ಲೇ?"

"ಗಾಳಿ. ಭುಜ ಹೇಗಿದೆ?"

"ಸೆಳೀತಾನೇ ಇದೆ ಕಣೇ."

ನಾಲಿಗೆ ತುದಿಯವರೆಗೆ ಬಂದ ಮಾತನ್ನು ಅಲ್ಲೇ ತಡೆದೆ. ಇವರ ಭುಜ ವಾಸಿಯಾಗಿದೆ ಎಂದು ನಾನು ಸಾರಿದರೆ ಏನಾಗುತ್ತದೆ? ನಾಳೆಯಿಂದ ಎಂಟರಿಂದ ಹತ್ತು ಇವರು ಮೈದಾನದಲ್ಲಿ ನನ್ನ ಬೆನ್ನ ಹಿಂದೆ. ಹತ್ತರಿಂದ ರಾತ್ರಿಯವರೆಗೆ ಅಡುಗೆಮನೆಯಲ್ಲಿ ನನ್ನ ಬೆನ್ನ ಹಿಂದೆ. ನಾನು ಕ್ಲಬ್ಬು ಬಿಟ್ಟರೆ ಆ ಎರಡು ಗಂಟೆಯೂ ಇಲ್ಲ. ಎತ್ತ ಕಡೆಯಿಂದ ಕೂಡಿಸಿದರೂ ಲೆಕ್ಕ ಒಂದೇ ಬಂತು. ಬಿಲ್ಲನ್ನು ಮೂಲೆಗೆ ಒರಗಿಸಿ ಹತ್ತಿರ ಹೋದೆ. ಎಡಗೈಯಿಂದ ಪಟ್ಟಿ ಬಿಚ್ಚಿದೆ, ಬಲಗೈ ಮಡಿಸಿ ಅದರೊಳಗೆ ಕೂರಿಸಿದೆ, ಕುತ್ತಿಗೆಯ ಹಿಂದೆ ಗಂಟನ್ನು ಬಿಗಿಯಾಗಿ ಎಳೆದು ಕಟ್ಟಿದೆ.

"ಅಲ್ಲಾಡಿಸ್ಬೇಡಿ. ಇಂಥವು ಬೇಗ ವಾಸಿ ಆಗಲ್ವಂತೆ" ಎಂದೆ.

"ಹೂಂ, ಡಾಕ್ಟ್ರೂ ಅದೇ ಹೇಳಿದ್ರು" ಎಂದು ಇವರು ನನ್ನ ಕುರ್ಚಿಯಲ್ಲಿ ಇನ್ನಷ್ಟು ಆರಾಮಾಗಿ ಒರಗಿದರು. ನನ್ನ ಮೂಗನ್ನೇ ನೋಡಿ, ತುಂಬ ಕಾಳಜಿಯಿಂದ ಹೇಳಿದರು: "ಬಿಸಿಲಿಗೆ ಮೂಗೆಲ್ಲ ಸುಟ್ಟುಹೋಗಿದೆಯಲ್ಲೇ, ಪಾಪ. ನಾಳೆಯಿಂದ ಏಳಕ್ಕೇ ಹೊರಟುಬಿಡು."